ಗೋಡೆಯೊಳಗಿನ ಕಂಬ

೧೯೩೬

ಫೆಬ್ರವರಿ ೩, ಸೋಮವಾರ. ಮಧ್ಯಾಹ್ನ

ಪಡಸಾಲೆಯನ್ನು ಮತ್ತೆ ಅಳೆದೆ. ಹದಿನೆಂಟು ಅಡಿ, ಹನ್ನೊಂದು ಅಡಿ. ನಿನ್ನೆಯೂ ಅಷ್ಟೇ ಇತ್ತು. ಅಳೆದರೆ ಬೆಳೆಯುತ್ತದೆಯೇ?

ನನಗೆ ಬೇಕಾದುದು ದೊಡ್ಡದೇನಲ್ಲ. ಸಂಜೆಯಾದರೆ ಇವರು ಹೊರಗಿನ ಜಗಲಿಯಲ್ಲಿ, ಮಗಳು ಪ್ರೇಮ ಅಟ್ಟದ ಏಣಿಯ ಮೇಲೆ ಪುಸ್ತಕ ಹಿಡಿದು, ನಾನು ಅಡಿಗೆಮನೆಯ ಹೊಸಿಲಲ್ಲಿ. ಮೂರು ಜನಕ್ಕೆ ಮೂರು ಲಾಟೀನು. ಒಂದು ದೀಪದ ಸುತ್ತ ಎಲ್ಲರೂ ಕೂರುವ ಜಾಗ ಬೇಕು, ಅಷ್ಟೆ. ಮೈಸೂರಿನ ಸ್ಕೂಲಿನಲ್ಲಿ ಮಿಸ್ ತರಿಸುತ್ತಿದ್ದ ಮ್ಯಾಗಜೀನುಗಳಲ್ಲಿ ಇಂಗ್ಲೆಂಡಿನ ಹಳ್ಳಿಮನೆಗಳ ಸಿಟಿಂಗ್ ರೂಮಿನ ಚಿತ್ರಗಳಿರುತ್ತಿದ್ದವು. ಅಂಥದೊಂದನ್ನು ನೆನಪಿನಿಂದ ಬರೆದೆ. ನಾಲ್ಕು ಕುರ್ಚಿ, ಕರ್ಟನ್, ಪುಸ್ತಕದ ಬೀರು. ಬೆಂಕಿಗೂಡನ್ನೂ ಬರೆದು ಅಳಿಸಿದೆ. ಈ ಸೆಕೆಯಲ್ಲಿ!

ತೊಂದರೆ ಬೆಳಕಿನದು. ಒಂಬತ್ತು ವರ್ಷದ ಹಿಂದೆ ಇವರೂ ಭಾವನವರೂ ಪಾಲಾದಾಗ, ತೊಟ್ಟಿಯ ನಟ್ಟನಡುವೆ ಹಗ್ಗ ಹಿಡಿದು ಗೋಡೆ ಎಬ್ಬಿಸಿದರು. ಮೂಡಲ ಅರ್ಧ ಅವರಿಗೆ, ಪಡುವಲ ಅರ್ಧ ನಮಗೆ. ಬೆಳಗಿನ ಬಿಸಿಲು ಪೂರ್ತಿ ಅವರ ಪಾಲಿಗೆ ಹೋಯಿತು. ಪಂಚರು ಅದನ್ನು ಅಳೆದಿರಲಿಲ್ಲ.

ಫೆಬ್ರವರಿ ೬, ಗುರುವಾರ

ಬಡಗಿ ದೇವಯ್ಯ ಬಂದ. ನನ್ನ ಚಿತ್ರವನ್ನು ಉದ್ದಕ್ಕೆ, ಅಡ್ಡಕ್ಕೆ ತಿರುಗಿಸಿ ನೋಡಿದ.

“ಕುರ್ಚಿಗಳ್ನ ನಡ್ವೆ ಹಾಕಿದ್ದೀರಲ್ಲ ಅಮ್ಮಾವ್ರೆ, ಯಾರ್ ಕೂತ್ಕತಾರೆ?”

“ನಾವು.”

“ಬೆನ್ಗೆ ಗ್ವಾಡೆ ಇಲ್ದೆ ಈ ಊರಲ್ ಯಾರಾನ ಕೂತಿರದ ಕಂಡಿದ್ದೀರಾ?”

ಕಂಡಿಲ್ಲ. ಇಪ್ಪತ್ತೈದು ವರ್ಷದಿಂದ ಇಲ್ಲಿದ್ದೇನೆ, ಇದು ನನಗೆ ಹೊಳೆದಿರಲಿಲ್ಲ. ಬಂದವರೆಲ್ಲ ಮೊದಲು ಗೋಡೆ ಹುಡುಕುತ್ತಾರೆ, ಒರಗುತ್ತಾರೆ, ಕಾಲು ಚಾಚುತ್ತಾರೆ, ಆಮೇಲೇ ಮಾತು. ಗೋಡೆಯ ಉದ್ದಕ್ಕೂ ಮಣ್ಣಿನ ಕಟ್ಟೆ ಹಾಕಿಸಿ, ಮೇಲೆ ಕಂಬಳಿ ಹಾಸಿ ಎಂದ. ಚಿತ್ರದಲ್ಲಿ ಮೂರು ಕುರ್ಚಿ ಹೊಡೆದುಹಾಕಿದೆ. ಒಂದನ್ನು ಉಳಿಸಿಕೊಂಡೆ. ಹಟಕ್ಕೆ.

ಪಾಲಿನ ಗೋಡೆಯಲ್ಲಿ ಹೊಟ್ಟೆಯ ಹಾಗೆ ಉಬ್ಬಿರುವ ಜಾಗವನ್ನು ಸಮ ಮಾಡಲು ಹೇಳಿದ್ದೇನೆ.

ಫೆಬ್ರವರಿ ೧೧, ಮಂಗಳವಾರ

ಕೆಲಸ ನಿಂತಿದೆ.

ಆ ಉಬ್ಬಿನೊಳಗೆ ಕಂಬವಿದೆ. ಪಾಲಿನ ದಿನ ಪಂಚರ ಹಗ್ಗ ಸರಿಯಾಗಿ ಕಂಬದ ಮೇಲೇ ಬಿತ್ತು. ಇವರು ನಮ್ಮದೆಂದರು, ಭಾವ ಅವರದೆಂದರು. ಸಂಜೆಯವರೆಗೂ ಅದೇ ಮಾತು. ಕೊನೆಗೆ ಯಾರಿಗೂ ಬೇಡವೆಂದು ಕಂಬವನ್ನು ಒಳಗೇ ಬಿಟ್ಟು ಸುತ್ತ ಹಸಿಮಣ್ಣಿನ ಗೋಡೆ ಕಟ್ಟಿದರು. ಒಣಮರವನ್ನು ಹಸಿಮಣ್ಣಿನಲ್ಲಿ! ಊರಿನ ಹಿರಿಯರೆಲ್ಲ ನಿಂತು ನೋಡಿದರು, ಒಬ್ಬರಾದರೂ ಬೇಡವೆನ್ನಲಿಲ್ಲ.

ದೇವಯ್ಯ ಉಳಿ ಇಟ್ಟು ಒಂದೇಟು ಹಾಕಿದ. ಹಿಟ್ಟಿನ ಹಾಗೆ ಮಣ್ಣು ಸುರಿಯಿತು. ಕೈ ಒಳಗೆ ಹಾಕಿ ನೋಡಿ, ತೆಗೆದು, ಪಂಚೆಗೆ ಒರೆಸಿಕೊಂಡ.

“ಕಂಬ ಇಲ್ಲ ಕಣಮ್ಮಾ. ಪೂರಾ ಗೆದ್ದಲು. ಗ್ವಾಡೇನೇ ತೊಲೆ ಹೊತ್ಕೊಂಡೈತೆ. ಈ ಮಳೆಗಾಲ ತಡೆಯಾಕಿಲ್ಲ. ಬಿದ್ರೆ ನಿಮ್ದು ಅವ್ರದು ಎಲ್ಡೂ ಸೂರು ಒಟ್ಗೇ ಬೀಳ್ತವೆ.”

ಎರಡೂ ಕಡೆಯಿಂದ ಗೋಡೆ ಒಡೆಯಬೇಕು. ಅಂದರೆ ಯಾರಾದರೂ ಹೋಗಿ ಅವರಿಗೆ ಹೇಳಬೇಕು.

ಫೆಬ್ರವರಿ ೧೨

ಇವರು: “ಅವನ್ ಬಾಗ್ಲು ನಾನ್ ತುಳಿಯಾಕಿಲ್ಲ. ದೇವಯ್ಯನ್ನ ಕಳ್ಸು.”

ದೇವಯ್ಯ: “ಕಂಬದ್ ಸುದ್ದಿ ಬೇಕಾರೆ ನಾನ್ ಹೇಳೇನು. ಮನೆ ಸುದ್ದಿ ಮನೆಯೋರೇ ಹೇಳ್ಬೇಕು.”

ಉಳಿದದ್ದು ನಾನು. ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಪಾಲು ಕೇಳಿದವರು ಇವರೆಂದು ಊರು ತಿಳಿದಿದೆ. ಬೇರೆ ಒಲೆ ಬೇಕೆಂದು ಇವರ ಹಿಂದೆ ಬಿದ್ದವಳು ನಾನು. ನನ್ನ ಓರಗಿತ್ತಿ ಸಿದ್ದಲಿಂಗಕ್ಕ, ನೆಂಟರ ಪಂಕ್ತಿಯ ಮುಂದೆ, “ಇಂಗ್ಲೀಸ್ ಓದಿದೋಳು ಮುದ್ದೆ ಕಟ್ಟವ್ಳೆ, ನೋಡ್ಕಂಡ್ ನುಂಗಿ, ಗಂಟವೆ” ಅಂದಿದ್ದರು. ಎಲ್ಲರೂ ನಕ್ಕರು. ಗಂಟು ಇದ್ದದ್ದು ನಿಜ.

ನಾನು ಕೇಳಿದ್ದು ಒಲೆ. ಗೋಡೆಯನ್ನಲ್ಲ. ಒಂಬತ್ತು ವರ್ಷ ಈ ವ್ಯತ್ಯಾಸವನ್ನು ಹಿಡಿದುಕೊಂಡು ನೆಮ್ಮದಿಯಾಗಿದ್ದೇನೆ. ಇದ್ದೇನೆಯೇ?

ಫೆಬ್ರವರಿ ೧೫, ಶನಿವಾರ

ಹೋದೆ. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಹನ್ನೆರಡು ಹೆಜ್ಜೆ.

ಅಕ್ಕ ತೊಟ್ಟಿಯ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ದಾರಿ ತಪ್ತೇನವ್ವ?”

“ಇಲ್ಲ ಅಕ್ಕ. ನಿಮ್ಮ ಹತ್ತಿರವೇ ಬಂದೆ.”

“ಉಗುದ್ರೆ ಬೀಳೋವಷ್ಟು ದೂರ. ಬರಾಕೆ ಒಂಬತ್ ವರ್ಸ ಬೇಕಾಯ್ತು.”

ಕಂಬದ ವಿಷಯ ಹೇಳಿದೆ. ಸುಲಿಯುವ ಕೈ ನಿಲ್ಲಲಿಲ್ಲ.

“ಗೊತ್ತು. ಓದ್ ವರ್ಸದಿಂದ ನಮ್ ಕಡೆ ಮಣ್ ಉದುರ್ತೈತೆ. ದಿನಾ ಗುಡುಸ್ ಹಾಕ್ತಿದ್ದೆ.”

ನಮ್ಮ ಕಡೆಯೂ ಉದುರುತ್ತಿತ್ತು. ನಾನೂ ಗುಡಿಸಿ ಹಾಕುತ್ತಿದ್ದೆ. ಇವರ ಕಣ್ಣಿಗೆ ಬೀಳುವ ಮೊದಲೇ.

“ಯಾಕೆ ಹೇಳಲಿಲ್ಲ ಅಕ್ಕ?”

“ನೀನ್ಯಾಕ್ ಹೇಳ್ನಿಲ್ಲ?”

ಸ್ವಲ್ಪ ಹೊತ್ತು ನಾನೂ ಅವರೆಕಾಯಿ ಸುಲಿದೆ. ಕೊನೆಗೆ ಅಂದರು — ಭಾವನವರನ್ನು ತಾವು ಒಪ್ಪಿಸುತ್ತಾರಂತೆ. ಆದರೆ ಕಂಬ ನಿಂತ ಮೇಲೆ ಗೋಡೆ ಇದ್ದ ಹಾಗೇ ಮುಚ್ಚಬೇಕು. “ಅಷ್ಟೇಯ ಮಾತು.” ಒಪ್ಪಿ ಬಂದೆ.

ಫೆಬ್ರವರಿ ೨೪, ಸೋಮವಾರ

ಎಂಟೊಂಬತ್ತು ದಿನ ಬರೆಯಲಾಗಲಿಲ್ಲ. ಧೂಳು. ಪೆನ್ನಿನ ಬಾಯಲ್ಲೂ ಮಣ್ಣು.

ಕೃಷ್ಣರಾಜಪೇಟೆಯಿಂದ ಹೊನ್ನೆ ಕಂಬ ಬಂತು. ದೇವಯ್ಯನಿಗೆ ಆ ಊರು ಇನ್ನೂ ಅತ್ತಿಗುಪ್ಪೆಯೇ. ಹೆಸರು ಬದಲಾಗಿ ನಲವತ್ತು ವರ್ಷ ದಾಟಿತು. ಇಂದು ತೊಲೆಗೆ ಊರೆಗೋಲು ಕೊಟ್ಟು ಎತ್ತಿದರು. ಈ ಕಡೆ ಇವರು, ಆ ಕಡೆ ಭಾವ ಅಂದಾನಯ್ಯನವರು. ನಡುವೆ ಮೂರು ಮೊಳ ಅಂತರ. ಆದರೂ ಮಾತು ನೇರವಾಗಿಲ್ಲ.

“ದೇವಯ್ಯ, ಆ ಕಡೆಯೋರ್ಗೆ ಹೇಳು, ವಸಿ ಎತ್ಲಿ.”

“ದೇವಯ್ಯ, ಎತ್ತಾಯ್ತು ಅಂತ ಹೇಳ್ಲಾ. ಅವ್ರೇ ಮಲ್ಗವ್ರಾ ನೋಡು.”

“ಸ್ವಾಮಿ, ನಾನ್ ಕಂಬ ನಿಲ್ಲುಸ್ಲಾ, ತಂತಿ ಆಫೀಸ್ ನಡುಸ್ಲಾ?” ಅಂದ ದೇವಯ್ಯ. ಸೆರಗು ಬಾಯಿಗೆ ಹಿಡಿದು ನಕ್ಕೆ. ಆ ಕಡೆಯೂ ಯಾರೋ ಹಾಗೇ ನಕ್ಕರು.

ಕಂಬ ನಿಂತಿತು. ಕಲ್ಲಿನ ಪೀಠದ ಮೇಲೆ. ಸುತ್ತ ಆರಡಿ ಅಗಲ ಗೋಡೆಯಿಲ್ಲ.

ಫೆಬ್ರವರಿ ೨೭. ಬೆಳಿಗ್ಗೆ ಎಂಟು ಗಂಟೆ

ಬಿಸಿಲು ಬಂತು. ಪಡಸಾಲೆಯ ಆ ತುದಿಯವರೆಗೂ. ಇಲ್ಲಿ ಕೂತು ಲಾಟೀನಿಲ್ಲದೆ ಬರೆಯುತ್ತಿದ್ದೇನೆ.

ಗೋಡೆ ಮುಚ್ಚುವ ನರಸಯ್ಯ ಮಗಳ ಮದುವೆಗೆಂದು ನಾಗಮಂಗಲಕ್ಕೆ ಹೋಗಿದ್ದಾನೆ. ಹತ್ತು ದಿನವಂತೆ. ಆತುರವೇನಿಲ್ಲ ಎಂದು ಹೇಳಿಕಳಿಸಿದೆ. ನಾನು ಇಷ್ಟು ಉದಾರಿಯಾದದ್ದು ಯಾವಾಗ?

ಮಾರ್ಚ್ ೫, ಗುರುವಾರ

ನಮ್ಮ ಕಡೆಯ ಕಟ್ಟೆ ಒಣಗಿತು. ಕುರುಬರ ಬೀರಯ್ಯ ಕಂಬಳಿ ತಂದ, ಕರಿಯದು, ಅಂಚಿಗೆ ಬಿಳಿ ಗೆರೆ. ಚುಚ್ಚುತ್ತದೆ. ಮೇಲೆ ಹಳೆಯ ಸೀರೆಯ ದುಪ್ಪಟಿ ಹಾಸಿದೆ. ಗೋಡೆಗೂಡಿಗೆ ಒಂದು ಅಡ್ಡಹಲಗೆ, ಅದರಲ್ಲಿ ಪುಸ್ತಕ. ಕರ್ಟನ್ ಬೇಡವೆನಿಸಿತು. ಕುರ್ಚಿಯ ಮೇಲೆ ಬೆಕ್ಕು ಕೂರುತ್ತದೆ.

ಸಂಜೆ ಎಲ್ಲರೂ ಇಲ್ಲೇ. ಯಾರನ್ನೂ ಕರೆಯಲಿಲ್ಲ. ಇವರು ಪೇಪರನ್ನು ಗಟ್ಟಿಯಾಗಿ ಓದುತ್ತಾರೆ. ಹಿಂದೆ ಎಂದೂ ಹೀಗೆ ಓದಿದವರಲ್ಲ. ನಾನು ಕೇಳುತ್ತಿಲ್ಲ, ಪ್ರೇಮ ಕೇಳುತ್ತಿಲ್ಲ. ಗೋಡೆ ಒಡೆದ ಕಂಡಿಯ ಆಚೆ ಭಾವನವರು ಬೆನ್ನು ತಿರುಗಿಸಿ ಕೂತು, ಬೇಕಾದ ಕಡೆ ಕೆಮ್ಮುತ್ತಾರೆ. ಹುರುಳಿಯ ಧಾರಣೆ ಬಂದಾಗ ಎರಡು ಸಲ ಕೆಮ್ಮಿದರು. ಇವರು ಅದನ್ನು ಮತ್ತೊಮ್ಮೆ ಓದಿದರು.

ಅಕ್ಕ ಆ ಕಡೆ ಮೊರ ಹಿಡಿದು, ನಾನು ಈ ಕಡೆ ಹೊಲಿಗೆ ಹಿಡಿದು. ಹಳೆಯ ಗೋಡೆಯ ಗೆರೆಯನ್ನು ಪ್ರೇಮ ಒಬ್ಬಳೇ ದಾಟುತ್ತಾಳೆ. ಬರುವಾಗ ಬಾಯಲ್ಲಿ ಏನಾದರೂ ಇರುತ್ತದೆ.

ನಾನು ಚಿತ್ರ ಬರೆದಾಗ ಈ ಕೋಣೆ ನಮ್ಮ ಮೂವರಿಗೆ ಮಾತ್ರ ಇತ್ತು.

ಮಾರ್ಚ್ ೯, ಸೋಮವಾರ

ನರಸಯ್ಯ ಬಂದಿದ್ದಾನೆ. ಬೆಳಗಿನಿಂದ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದಾನೆ. ನಾಳೆ ಮುಚ್ಚುತ್ತಾನೆ.

ಮಾತು ಕೊಟ್ಟವಳು ನಾನು. ಬೇಡವೆಂದು ನಾನು ಹೇಳುವಂತಿಲ್ಲ. ಬೆಳಕು ಹೋಗುತ್ತದೆ ಎನ್ನಬಹುದು. ಅರ್ಧ ಸುಳ್ಳು. ಬೆಳಕೇ ಬೇಕಿದ್ದರೆ ಸೂರಿಗೆ ಒಂದು ಗಾಜಿನ ಹೆಂಚು ಸಾಕಿತ್ತು. ನನಗೆ ಬೇಕಾದುದು ಆ ಕಡೆಯ ಮೊರದ ಸದ್ದು, ಆ ಕೆಮ್ಮು. ಇದನ್ನು ಕೇಳುವ ಮೊದಲು ಒಲೆಯ ಮಾತು ಹೇಳಬೇಕು. ಹೇಳಿದ ಮೇಲೆ ಗೋಡೆಯನ್ನು ಇನ್ನೂ ಒಂದಡಿ ದಪ್ಪ ಕಟ್ಟಿಸಿದರೆ? ಕಟ್ಟಿಸಲಿ. ಅದಾದರೂ ನಿಜದ ಗೋಡೆಯಾದೀತು.

ಮಾರ್ಚ್ ೧೦, ಮಂಗಳವಾರ. ಬೆಳಿಗ್ಗೆ

ಹೇಳಿದೆ. ಏಳು ಗಂಟೆಗೆ, ಕಂಡಿಯ ಈ ಕಡೆ ನಿಂತು.

“ಅಕ್ಕ, ಅಂದು ಬೇರೆ ಒಲೆ ಕೇಳಿದ್ದು ಇವರಲ್ಲ. ನಾನು.”

ಮೊರ ನಿಂತಿತು.

“ಗೊತ್ತು ಬುಡು. ನಿನ್ ಗಂಡಂಗೆ ಒಲೆ ಯಾವ್ ಕಡೆ ಐತೆ ಅಂತಾದ್ರೂ ಗೊತ್ತಾ, ಕೇಳಾಕೆ?” ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ, ನನ್ನನ್ನು ನೋಡದೆ: “ನೀನ್ ಒಲೆ ಕೇಳ್ದೆ. ಪಂಚರು ಬಿದಿರ್ ತಟ್ಟಿ ಸಾಕು ಅಂದ್ರು. ನಾನೇಯ, ಗ್ವಾಡೆ ಆಗ್ಬೇಕು ಅಂದಿದ್ದು. ನಿನ್ ಮಕ ಕಾಣ್ದಂಗೆ.”

ಅಳು ಬರಲಿಲ್ಲ. ಹಗುರವಾಯಿತು, ಹೊಟ್ಟೆ ಹಸಿದ ಹಾಗೆ.

ನರಸಯ್ಯ ಮೊದಲ ಉಂಡೆ ಎತ್ತಿಕೊಂಡು ಬಂದ. “ಯಾವ್ ಕಡೆಯಿಂದ ಸುರು ಮಾಡ್ಲಿ, ಅಮ್ಮಾರೆ?”

ನಾನು ಕಂಡಿಯಿಂದ ಹಿಂದೆ ಸರಿದೆ. ಮಾತು ಕೊಟ್ಟಿದ್ದೆ.

“ಇಷ್ಟ್ ಮಣ್ ಕಲ್ಸಿದ್ದೀಯಲ್ಲ, ಎಸೆಯಾಕಾಯ್ತದಾ?” ಅಕ್ಕ ಎದ್ದರು, ಸೊಂಟ ಹಿಡಿದು. “ನಮ್ ಕಡೆನೂ ಒಂದ್ ಕಟ್ಟೆ ಹಾಕು. ಕಂಬದ್ ಬುಡದಿಂದ ಆ ಮೂಲೆಗಂಟ. ಅವ್ರ ಕಟ್ಟೆಗ್ ಸಮಕ್ಕೆ ಬರ್ಬೇಕು, ಕಣ್ಲಾ. ಬೆರಳ್ ಎಚ್ಕಮ್ಮಿ ಆದ್ರೂ ಒಡೆಸ್ತೀನಿ.”

“ಗ್ವಾಡೆ?”

“ಕಟ್ಟೆ ಅಂದ್ನಲ್ಲ. ಕಿವಿ ಮದ್ವೆ ಮನೇಲ್ ಬುಟ್ ಬಂದ್ಯಾ?”

ಹೊರಗೆ ಜಗಲಿಯಲ್ಲಿ ಇವರಿಗೆ ಎಲ್ಲ ಕೇಳಿಸಿದೆ. ಪೇಪರ್ ಮಡಿಸುವ ಸದ್ದಾಯಿತು. ಒಳಗೆ ಬಂದರು, ನಿಂತರು, ನರಸಯ್ಯನಿಗೆ ನೀರಿನ ಕೊಡ ಸರಿಸಿಕೊಟ್ಟರು.

ಈಗ ಅಳತೆಯ ಜಗಳ ನಡೆದಿದೆ. ಹದಿನೆಂಟು ಅಂಗುಲ ಎತ್ತರ ಎಂದೆ. ಅಷ್ಟಾದರೆ ತಮ್ಮ ಕಾಲು ನೆಲಕ್ಕೆ ಮುಟ್ಟುವುದಿಲ್ಲವಂತೆ ಅಕ್ಕನಿಗೆ, ನಮ್ಮ ಕಡೆಯದನ್ನೇ ತಗ್ಗಿಸಬೇಕಂತೆ. ನಮ್ಮದು ಒಣಗಿಹೋಗಿದೆಯಲ್ಲ! ಕೂಗುತ್ತಿದ್ದಾರೆ — “ಜಯಾ, ಬರ್ದಿದ್ ಸಾಕು, ನಿನ್ ಟೇಪ್ ತತ್ತಾ…” ಹೋಗಿ ಕೂತು ತೋರಿಸಿದರೆ ಗೊತ್ತಾದೀತು. ಹೊರಟೆ.