ಅಪ್ಪ ಹಿಮ ಮೆಟ್ಟಿದ್ದು

ಸೆಪ್ಟೆಂಬರ್ ೩, ೨೦೧೬. ಪಾಮರ್ಸ್ಟನ್ ನಾರ್ತ್

ಮತ್ತೆ ಅದೇ ಜಗಳ. ಅಪ್ಪ ಬರಿಗಾಲಲ್ಲೇ ಲಿಂಗಪೂಜೆಗೆ ಕೂತಿದ್ದರು. ಹಟ ಮಾಡಿ ಸಾಕ್ಸ್ ಹಾಕಿಸಿದೆ. "ಪೂಜಿಗೂ ಸಾಕ್ಸೇನವ್ವಾ ರುದ್ರಾಣಿ?" ಎಂದರು. ಹಳೇ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶ ಮುಕ್ಕಾಲು ಪಾಲು ಹೋಗಿದೆ, ಮೊಳೆ ಚುಚ್ಚಿದರೂ ತಿಳಿಯದು. ಕ್ಲಿನಿಕ್‌ನಲ್ಲಿ ದಿನವಿಡೀ ಇಂಥ ಪಾದಗಳಿಗೇ ಡ್ರೆಸ್ಸಿಂಗ್ ಮಾಡುವವಳು ನಾನು. ಮನೆಯಲ್ಲಿ ಹೇಳಿದರೆ ಬೋರ್ಗಲ್ಲ ಮೇಲೆ ಮಳೆ ಸುರಿದಂತೆ.

ಹವೆಗೂ ಹುಚ್ಚು. ಇಲ್ಲಿ ಸೆಪ್ಟೆಂಬರ್ ಎಂದರೆ ವಸಂತವಂತೆ! ಹಿತ್ತಿಲ ಕೌಹಾಯ್ ಮರದ ತುಂಬ ಹಳದಿ ಹೂ. ಎಳೆಬಿಸಿಲಿನಲ್ಲೇ ಪಟಪಟ ಆಲಿಕಲ್ಲು. ಅಪ್ಪ ಬೊಗಸೆಯಲ್ಲಿ ಹಿಡಿದು ಕರಗುವವರೆಗೂ ನೋಡಿದರು. ಗದಗಿಗೆ ವಾಪಸ್ ಹೋಗುವ ಮೊದಲು ಒಮ್ಮೆ ಹಿಮದ ಗುಡ್ಡ ನೋಡಬೇಕಂತೆ.

ಸೆಪ್ಟೆಂಬರ್ ೧೦

ಪರ್ವತದ ಬುಡದ ಊರು ಒಹಕುನೆವರೆಗೂ ಹೋಗಿ ವಾಪಸ್. ಮೇಲೆ ಭಾರೀ ಗಾಳಿ, ರಸ್ತೆ ಬಂದ್. ರುವಾಪೆಹು ಪರ್ವತ ಯಾವ ದಿಕ್ಕಿಗಿದೆ ಎಂದು ತೋರಿಸಲೂ ಆಗಲಿಲ್ಲ. ಬರೀ ಮೋಡ. ಅಪ್ಪನ ಮುಖ ಸಪ್ಪಗಾಯಿತು. ಕಲ್ಲೇಶ್ ಸ್ಟಿಯರಿಂಗ್ ಹಿಡಿದೇ ಮಾವನಿಗೆ ಸಮಾಧಾನ ಹೇಳಿದ: "ಇಲ್ಲಿ ಹವಾ ಅಂದ್ರ ನಮ್ಮೂರ ಬಸ್ಸಿದ್ದಂಗ ರೀ ಮಾವಾರ. ಬಂದಾಗ ಹತ್ತೂದು."

ಸೆಪ್ಟೆಂಬರ್ ೧೭, ಸಂಜೆ. ಆಸ್ಪತ್ರೆಯಲ್ಲಿ

ಅಪ್ಪ ಮಲಗಿದ್ದಾರೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ರಸ್ತೆ ತೆರೆದಿತ್ತು. ದಾರಿಯುದ್ದಕ್ಕೂ ಮಂಜು, ಕಾರಿನ ಬಾನೆಟ್ಟೂ ಕಾಣದು. ಮೇಲಿನ ಕಾರ್ ಪಾರ್ಕ್‌ನಲ್ಲಿ ಇಳಿದಾಗ ಗಾಳಿ ತಟ್ಟನೆ ನಿಂತಿತು. ಮೋಡ ಸರಿಯಿತು... ಮೊದಲು ಒಂದು ಅಂಚು. ಆಮೇಲೆ ಹೆಗಲು. ಆಮೇಲೆ ಪೂರ್ತಿ ಪರ್ವತ. ಅಷ್ಟು ಹತ್ತಿರ, ಅಷ್ಟು ಬಿಳಿ. ಇಷ್ಟು ಹೊತ್ತೂ ನಮ್ಮ ತಲೆಯ ಮೇಲೇ ಇತ್ತು! ಇಷ್ಟು ವರ್ಷ ಈ ದೇಶದಲ್ಲಿದ್ದೇನೆ, ಹೀಗೆ ಕಂಡೇ ಇರಲಿಲ್ಲ. ಎಲ್ಲೋ ಹಿಮ ಕರಗಿ ತೊಟ್ಟಿಕ್ಕುವ ಸದ್ದು, ಬೇರೇನಿಲ್ಲ. ಯಾಕೋ ಅಳು ಬಂತು. ಎಷ್ಟು ಹೊತ್ತು ಹಾಗೇ ನಿಂತೆನೋ ಗೊತ್ತಿಲ್ಲ.

ತಿರುಗಿದರೆ ಪಕ್ಕದಲ್ಲಿ ಅಪ್ಪ ಇಲ್ಲ. ಕಾರಿನ ಬಾಗಿಲ ಬಳಿ ಬೂಟು, ಅದರೊಳಗೆ ಮಡಚಿಟ್ಟ ಸಾಕ್ಸ್ — ಗುಡಿಯ ಹೊರಗೆ ಬಿಟ್ಟ ಹಾಗೆ. ಅಪ್ಪ ಆಚೆ ಹಿಮದಲ್ಲಿ ಬರಿಗಾಲಲ್ಲಿ ಕೈಮುಗಿದು ನಿಂತಿದ್ದರು.

ಓಡಿದೆ. ಬಾಯಿಗೆ ಬಂದಂತೆ ಬೈದೆ. ಅವರ ಮುಖದಲ್ಲಿ ಅಂಥ ಬೆಳಕು ಅವ್ವ ಹೋದ ಮೇಲೆ ನೋಡಿರಲಿಲ್ಲ. "ಇಂಥಾದ್ದರ ಮುಂದ ಬೂಟ್ ಹಾಕ್ಕೊಂಡು ಹೆಂಗ ನಿಂದರ್ಲವ್ವಾ?" ಎಂದರು. ಬೆರಳುಗಳೆಲ್ಲ ಮೇಣದ ಹಾಗೆ ಬೆಳ್ಳಗೆ, ಗಟ್ಟಿ. ಅವರಿಗೆ ಒಂದೂ ತಿಳಿದಿಲ್ಲ. ಕಲ್ಲೇಶ್ ಹೊತ್ತು ತಂದ.

ತಪ್ಪು ನನ್ನದೇ. ಕಾಲು ಕಾಯಬೇಕಾದವಳು ಗುಡ್ಡ ನೋಡುತ್ತ ನಿಂತೆ. ಸಿಟ್ಟು ಇನ್ನೂ ಇಳಿದಿಲ್ಲ. ಕಣ್ಣು ಮುಚ್ಚಿದರೆ ಆ ಬಿಳುಪೇ ಬರುತ್ತದೆ, ಏನು ಮಾಡಲಿ.

ಸೆಪ್ಟೆಂಬರ್ ೨೧

ಮನೆಗೆ ಕರೆತಂದೆವು. ಎಡಗಾಲು ರಕ್ತ ಹರಿದು ಕೆಂಪೇರಿತು, ಬಚಾವ್. ಬಲಗಾಲ ಹೆಬ್ಬೆರಳು ನೇರಳೆ, ಮೇಲೆ ಗುಳ್ಳೆ. ಚೂರಾದರೂ ಸ್ಪರ್ಶ ಮರಳಿದರೆ ಆಸೆ ಇದೆ, ಇಲ್ಲವಾದರೆ ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರ್. ಟಿಕೆಟ್ ಮುಂದೂಡಿದೆವು. ಅಪ್ಪನದು ಫೋನಿನಲ್ಲಿ ಊರವರಿಗೆಲ್ಲ ಗುಡ್ಡದ್ದೇ ವರ್ಣನೆ. ಕಾಲಿನ ಮಾತೇ ಇಲ್ಲ.

ಸೆಪ್ಟೆಂಬರ್ ೨೪

ನಾಳೆ ಡಾಕ್ಟರ್ ನೋಡುತ್ತಾರೆ. ತಡೆಯಲಾಗಲಿಲ್ಲ, ಇವತ್ತೇ ನಾನೇ ಪರೀಕ್ಷೆಗೆ ಕೂತೆ. ಕ್ಲಿನಿಕ್‌ನಲ್ಲಿ ಮಾಡುವ ಹಾಗೆಯೇ, ತೆಳ್ಳನೆ ನೈಲಾನ್ ಎಳೆ ಹಿಡಿದು.

"ಕಣ್ಣು ಮುಚ್ರಿ ಅಪ್ಪಾ. ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ."

ಮುಚ್ಚಿದರು. ಎಳೆಯನ್ನು ಹೆಬ್ಬೆರಳ ಹತ್ತಿರ ಒಯ್ದವಳು ಅಲ್ಲೇ ತಡೆದೆ. ನಾನು ಮೂಗು ಏರಿಸಿದ್ದು ಅವರಿಗೆ ಕೇಳಿಸಿತೇನೋ.

"ಹೂಂ" ಎಂದರು ಅಪ್ಪ. "ಚೊಲೋ ಗೊತ್ತಾತವ್ವಾ. ಅಳಬ್ಯಾಡ."

ನಾನಿನ್ನೂ ಮುಟ್ಟಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು, ನಾನು ಎಳೆಯನ್ನು ಮುಟ್ಟಿಸದೆಯೇ ತೆಗೆದಿಟ್ಟೆ. ನಾಳೆ ಡಾಕ್ಟರೇ ನೋಡಲಿ.