ಗಾಡಿಯ ಹಿಂಬಾಗಿಲು ಈಗ ಮೆಲ್ಲಗೆ ಇಳಿಯುತ್ತದೆ

ಅಳಿಯಂದಿರಿಗೆ,

ಕ್ಷೇಮ ಸಮಾಚಾರ ಕೇಳುವ ಮುಖ ನನಗಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಎರಡು ಬೀದಿ ಆಚೆಯ ಮನೆಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನಿಮ್ಮ ಅತ್ತೆ ಬೆಳಗಿನಿಂದ ಗೊಣಗುತ್ತಿದ್ದಾಳೆ. ಎದುರಿಗೆ ಕೂತರೆ ನನ್ನ ಬಾಯಿಗೆ ತಮಾಷೆ ಬಿಟ್ಟು ಬೇರೇನೂ ಬರುವುದಿಲ್ಲ ಎನ್ನುವುದು ಅವಳಿಗೂ ಗೊತ್ತು. ಹೋದ ಎರಡು ವಾರದಲ್ಲಿ ಎರಡು ಸಲ ಇದನ್ನು ಹೇಳಬೇಕೆಂದೇ ನಿಮ್ಮ ಮನೆಗೆ ಬಂದಿದ್ದೆ. ಮೊದಲ ಸಲ ನಿಮ್ಮ ಅಡುಗೆಮನೆಯ ಕಪಾಟಿನ ಕೀಲುಗಳಿಗೆ ಎಣ್ಣೆ ಬಿಟ್ಟು ಬಂದೆ. ಎರಡನೇ ಸಲ ಹೊಟ್ಟೆ ತುಂಬ ಊಟ ಮಾಡಿ ಬಂದೆ. ಮೂರನೇ ಸಲಕ್ಕೆ ನನ್ನ ಮೇಲೆ ನನಗೇ ನಂಬಿಕೆ ಹೋಗಿ ಈಗ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ನಮ್ಮ ಗಾಡಿಯ ಹಿಂಬಾಗಿಲಿಗೆ ಸಿಕ್ಕ ನಿಮ್ಮ ಬೆರಳಿನ ಮೂಳೆ ಕೂಡಿದೆ, ಇನ್ನು ಕೆಲಸ ಶುರು ಮಾಡಬಹುದು ಎಂದು ಡಾಕ್ಟರು ಹೇಳಿ ತಿಂಗಳಾಯಿತು. ಆದರೂ ನೀವು ಗಡಿಯಾರದ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎತ್ತಿ ಒಳಗೆ ಸುಮ್ಮನೆ ಕೂರುತ್ತೀರಂತೆ. ರಿಪೇರಿಗೆ ಬಂದವರನ್ನು ಬೇರೆ ಅಂಗಡಿಗೆ ಕಳಿಸುತ್ತೀರಂತೆ. ಬರುವ ಸೋಮವಾರದಿಂದ ಗೋದಾಮಿನ ಗೇಟಿನಲ್ಲಿ ಚೀಟಿ ನೋಡಿ ಲಾರಿ ಒಳಗೆ ಬಿಡುವ ಕೆಲಸಕ್ಕೆ ಒಪ್ಪಿಕೊಂಡಿದ್ದೀರಂತೆ. ಇದೆಲ್ಲ ಮಗಳು ಹೇಳಿದ್ದು. ಯಾಕೆ ಎಂದು ಅವಳು ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನೂ ಹೇಳಿದಳು. "ಬೆರಳು ಸರಿಯಾಗಿದೆ ಕಣೇ. ಆದ್ರೆ ಅವತ್ತು ಹಿಡಿದದ್ದು ಹೇಗೆ ಜಾರ್ತು ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ಸಾಸಿವೆ ಕಾಳಿನಷ್ಟಿರೋ ತಿರುಪು ಹಿಡಿಯೋ ಕೈ, ಅಷ್ಟು ದೊಡ್ಡ ಡೋರು ಹಿಡೀಲಿಲ್ಲ ಅಂದ್ರೆ ಇನ್ನು ಅದನ್ನ ನಂಬೋದು ಹೇಗೆ."

ನಿಮ್ಮ ಕೈ ಜಾರಲಿಲ್ಲ. ಈ ಕಾಗದ ಬರೆಯುತ್ತಿರುವುದೇ ಆ ಒಂದು ಮಾತು ಹೇಳುವುದಕ್ಕೆ. ಮಿಕ್ಕದ್ದೆಲ್ಲ, ಅದು ನನಗೆ ಹೇಗೆ ಗೊತ್ತು ಎನ್ನುವ ಕಥೆ.

ಆ ಪಿಕಪ್ ಗಾಡಿಯನ್ನು ನಾನು ಕೊಂಡಾಗಲೇ ಅದು ಒಬ್ಬರ ಕೈ ದಾಟಿ ಬಂದಿತ್ತು. ಹಳೇ ಮಂಚ, ಬೀರು, ಮೇಜು ಕೊಂಡು ಸರಿಮಾಡಿ ಮಾರುವ ನನಗೆ ಹಳೇ ಗಾಡಿಯೇ ಸರಿಯಾದ ಜೋಡಿ ಎಂದು ಎಲ್ಲರೂ ನಗಾಡಿದ್ದರು. ಒಂಬತ್ತು ವರ್ಷ ಅದು ನಮಗೆ ಅನ್ನ ಹಾಕಿದೆ. ಅದರ ಹಿಂಬಾಗಿಲಿನ ಚಿಲಕ ಎಳೆದರೆ ಸಾಕು, ಧಡಾರ್ ಎಂದು ಕೆಳಗೆ ಬೀಳುತ್ತಿತ್ತು. ಬೀದಿ ಕೊನೆಯ ಮನೆಯವರಿಗೂ ನಾನು ಬಂದದ್ದು ಗೊತ್ತಾಗುತ್ತಿತ್ತು. ಗಿರಾಕಿಗಳು ಕರೆಗಂಟೆಗೆ ಕಾಯದೆ ಆ ಸದ್ದಿಗೇ ಹೊರಗೆ ಬರುತ್ತಿದ್ದರು. ನನಗೆ ಅದೊಂದು ಹೆಮ್ಮೆ. ಮೀಸೆ ಇಲ್ಲದ ನಾನು ಆ ಸದ್ದನ್ನೇ ಮೀಸೆ ಮಾಡಿಕೊಂಡಿದ್ದೆ.

ಅದನ್ನು ಇಳಿಸುವುದಕ್ಕೆ ನಮ್ಮ ಮನೆಯಲ್ಲಿ ಒಂದು ವಿದ್ಯೆಯೇ ಇತ್ತು. ಎಡಕ್ಕೆ ನಿಲ್ಲಬೇಕು, ಬಲಗೈಯಲ್ಲಿ ಚಿಲಕ ಎಳೆಯಬೇಕು, ಅದೇ ಗಳಿಗೆಗೆ ಮಂಡಿ ಮುಂದಕ್ಕೆ ಕೊಟ್ಟು ಬಾಗಿಲಿನ ಭಾರವನ್ನು ತೊಡೆಯ ಮೇಲೆ ತಗೊಳ್ಳಬೇಕು. ಇದಕ್ಕೆ ನಾವು 'ಮಂಡಿ ಕೊಡೋದು' ಎನ್ನುತ್ತಿದ್ದೆವು. ನಿಮ್ಮ ಅತ್ತೆ ಕಲಿತಳು, ಮಗಳು ಕಲಿತಳು. ಬರದವರನ್ನು ಕಂಡರೆ ನನಗೆ ನಗು. ನಮ್ಮ ಗಾಡಿ ನಮಗೊಬ್ಬರಿಗೇ ಒಗ್ಗುವುದು ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದೆ.

ನೀವು ಅಳಿಯನಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಗಾಡಿ ತೊಳೆಯುವುದಕ್ಕೆ ಕೈ ಹಾಕಿದಿರಿ. ಬೇಡವೆಂದರೂ ಕೇಳಲಿಲ್ಲ. ಒರೆಸುತ್ತ ಒರೆಸುತ್ತ ಹಿಂಬಾಗಿಲಿನ ಮೂಲೆಯಲ್ಲಿ ಕೈ ನಿಂತಿತು. ಅಂಗಡಿಯಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡುವ ಹಾಗೇ ಬಗ್ಗಿ ನೋಡಿದಿರಿ. "ಮಾವ, ಇಲ್ಲಿ ಎರಡು ತೂತಿದೆ. ಅಂಚು ಸವೆದಿದೆ. ಇಲ್ಲೊಂದು ಏನೋ ಇತ್ತು, ಯಾರೋ ಬಿಚ್ಚಿದ್ದಾರೆ ಅನ್ಸುತ್ತೆ. ಅದಕ್ಕೇ ಇಷ್ಟು ಜೋರಾಗಿ ಬೀಳೋದು," ಎಂದಿರಿ.

ನಾನು ಹೇಳಿದ್ದು ನಿಮಗೆ ನೆನಪಿರಬಹುದು. "ಇಲ್ಲ, ಗಾಡಿ ನಮ್ಮನೆಗೆ ಬಂದಾಗಿಂದ ಹಾಗೇ ಇದೆ. ಗಡಿಯಾರದವರಿಗೆ ಎಲ್ಲಾ ಟಿಕ್ ಟಿಕ್ ಅಂತ ಮೆಲ್ಲಗೇ ಆಗಬೇಕು. ಇದು ಮಂಚ ಹೊರೋ ಗಾಡಿ." ನಿಮ್ಮ ಅತ್ತೆ ನಕ್ಕಳು, ಮಗಳು ನಕ್ಕಳು, ನೀವೂ ನಕ್ಕಿರಿ. ಮಾವನ ಮಾತಿಗೆ ಎದುರಾಡಬಾರದೆಂದು ಮತ್ತೆ ಆ ವಿಷಯ ಎತ್ತಲಿಲ್ಲ.

ಅದು ಸುಳ್ಳು. ಅಲ್ಲೊಂದು ಗೇಣುದ್ದದ ಕೊಳವೆ ಇತ್ತು. ಒಳಗೊಂದು ಸರಳು, ಬಾಗಿಲು ಬೀಳುವಾಗ ಅದರ ರಭಸ ಹಿಡಿದು ನಿಧಾನಕ್ಕೆ ಇಳಿಸುವ ಸಾಮಾನು. ಗಾಡಿ ಕೊಂಡ ವರ್ಷವೇ ಒಂದು ಬೀರುವಿನ ಕಾಲು ತಗುಲಿ ಸರಳು ಬಗ್ಗಿತು. ನಾನೇ ಬಿಚ್ಚಿ ಹಳೇ ಮೊಳೆ ತಿರುಪುಗಳ ಡಬ್ಬಕ್ಕೆ ಹಾಕಿದೆ. ನಾಳೆ ಹೊಸದು ಹಾಕಿಸೋಣ ಎಂದುಕೊಂಡೆ. ಅಷ್ಟರಲ್ಲಿ ಆ ಸದ್ದು ನನಗೆ ಹಿಡಿಸಿಬಿಟ್ಟಿತು, ನಾಳೆ ಬರಲೇ ಇಲ್ಲ. ನೀವು ಕೇಳಿದ ದಿನ ನಿಜ ಹೇಳುವುದಕ್ಕೆ ನನಗೇನೂ ಕಷ್ಟವಿರಲಿಲ್ಲ. ಹೊಸ ಅಳಿಯ ಬಂದ ವಾರದಲ್ಲೇ ನನ್ನ ಗಾಡಿಯಲ್ಲಿ ತಪ್ಪು ಕಂಡುಹಿಡಿದನಲ್ಲ ಎಂದು ಒಂದು ಚೂರು ಉರಿಯಿತು, ಅಷ್ಟೇ. ಅಷ್ಟಕ್ಕೇ ಸುಳ್ಳು ಹೇಳಿದೆ.

ಆಮೇಲಿನದು ನಿಮಗೆ ಗೊತ್ತು. ಟೀಚರಮ್ಮನ ಮನೆಗೆ ಮೂರು ಬಾಗಿಲಿನ ಬೀರು ಕೊಡುವ ದಿನ ಸಾಮಾನು ಹೊರುವವನು ಬರಲಿಲ್ಲ. ನೀವು ಅಂಗಡಿಗೆ ರಜೆ ಇದೆ ಎಂದು ಜೊತೆಗೆ ಬಂದಿರಿ. ನಾನು ಬೀರುವಿನ ಹಗ್ಗ ಬಿಚ್ಚುತ್ತ ಮೇಲಿದ್ದೆ. "ಡೋರು ಇಳಿಸಿ, ಮಂಡಿ ಕೊಡಿ," ಎಂದು ಕೂಗಿದೆ, ಅಷ್ಟೇ. ನೀವು ಮಂಡಿ ಕೊಡಲಿಲ್ಲ, ಕೈ ಕೊಟ್ಟಿರಿ. ಹುಟ್ಟಿದಾಗಿನಿಂದ ಕೈಯನ್ನೇ ನಂಬಿ ಬದುಕಿದವರು ಬೇರೇನು ಕೊಡುತ್ತೀರಿ. ಆ ಸಲ ಧಡಾರ್ ಎನ್ನಲಿಲ್ಲ, ಬಾಗಿಲಿಗೂ ಬಂಪರಿಗೂ ನಡುವೆ ನಿಮ್ಮ ಬೆರಳಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ನೀವು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. "ಒಂಬತ್ತು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ ಡಾಕ್ಟ್ರೇ. ಇವರಿಗೆ ಅಭ್ಯಾಸ ಇಲ್ಲ. ಕೈ ಜಾರಿದೆ." ನೀವು ನೋವಿನಲ್ಲಿದ್ದಿರಿ, ಆದರೂ ಕೇಳಿಸಿಕೊಂಡು ಹೌದೆಂದು ತಲೆಯಾಡಿಸಿದಿರಿ. ಸಂಜೆ ನೋಡಲು ಬಂದವರಿಗೆ ನೀವೇ ಹೇಳಿದಿರಿ, ಕೈ ಜಾರಿತು ಎಂದು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸಿಪ್ಪೆ ಬಿಡಿಸುತ್ತಿದ್ದೆ. ಆಗಲೂ ಸುಮ್ಮನಿದ್ದೆ. ಅಳಿಯಂದಿರೇ, ನೀವು ಎರಡು ತಿಂಗಳಿಂದ ಹೊತ್ತುಕೊಂಡು ತಿರುಗುತ್ತಿರುವ ಆ ಮಾತು ನಿಮ್ಮದಲ್ಲ, ನನ್ನದು. ನಿಮ್ಮ ಬಾಯಿಗೆ ನಾನೇ ಹಾಕಿದ್ದು.

ಗೋದಾಮಿನ ವಿಷಯ ಮಗಳಿಂದ ಕೇಳಿದ ಮರುದಿನ ಗಾಡಿಯನ್ನು ಮೌನಿಯ ಗ್ಯಾರೇಜಿಗೆ ಹೊಡೆದೆ. ಆ ಮೆಕ್ಯಾನಿಕ್ಕಿಗೆ ಆ ಹೆಸರು ಯಾಕೆ ಬಂತು ಎಂದು ನಿಮಗೆ ಗೊತ್ತಲ್ಲ, ಅವನು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ. ತೂತು ನೋಡಿದವನೇ, "ಇದನ್ನ ಬಿಚ್ಚಿದ ಪುಣ್ಯಾತ್ಮ ಯಾರಣ್ಣ?" ಎಂದ. ನಾನೇ ಎಂದೆ. "ಇದಿಲ್ದೆ ಇಷ್ಟು ವರ್ಷ ಓಡಿಸಿದೀಯಾ? ಯಾರ ಕೈಕಾಲೂ ಹೋಗ್ಲಿಲ್ವಾ?" ನಮ್ಮ ಅಳಿಯಂದಿರ ಬೆರಳು ಎಂದೆ. ಮೌನಿ ಎದ್ದು ಹೋಗಿ ಒಂದು ಹಳೇ ಟೈರು ತಂದು ಬಂಪರಿನ ಮೇಲೆ ಒರಗಿಸಿಟ್ಟ. "ಚಿಲಕ ಎಳಿ. ಅವರು ಹಿಡಿದ ಹಾಗೇ ಒಂದು ಕೈಯಲ್ಲಿ ಹಿಡಿದು ತೋರಿಸು, ಮಂಡಿ ಕೊಡಬೇಡ," ಎಂದ.

ಮೂವತ್ತು ವರ್ಷ ಬೀರು ಎತ್ತಿದ ಕೈ ನನ್ನದು. ಮೊದಲ ಸಲ ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಟೈರಿನ ಮೇಲೆ ಬಿತ್ತು. ಸರಿಯಾಗಿ ಹಿಡಿಯಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹಿಡಿದೆ. ಮತ್ತೆ ಹೋಯಿತು. ಮೂರನೇ ಸಲ ಹಲ್ಲು ಕಚ್ಚಿ ನಿಂತೆ. ಭುಜ ಕಳಚಿ ಬಂದಂತಾಯಿತು, ಬಾಗಿಲು ನಿಲ್ಲಲಿಲ್ಲ. ಅದನ್ನು ಹಿಡಿಯುವ ಕೈ ಇನ್ನೂ ಹುಟ್ಟಿಲ್ಲ. ಟೈರು ಇಲ್ಲದಿದ್ದರೆ ನನ್ನ ಬೆರಳುಗಳೂ ಅಲ್ಲೇ ಇರುತ್ತಿದ್ದವು.

ರಿಪೇರಿ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಮೌನಿ ಗುಜರಿಯಿಂದ ತಂದ ಮೊದಲನೇ ಕೊಳವೆ ತೀರಾ ಬಿಗಿ, ಬಾಗಿಲು ಅರ್ಧ ದಾರಿಯಲ್ಲಿ ಮುನಿಸಿಕೊಂಡು ನಿಂತಿತು. ನಾವಿಬ್ಬರೂ ಅದರ ಮೇಲೆ ಕೂತರೂ ಇಳಿಯಲೊಲ್ಲದು. ಎರಡನೆಯದು ಹೊಂದಿತು. ಎರಡೂ ಬದಿಯ ಕೇಬಲ್ಲುಗಳು ಜಗ್ಗಿ ಉದ್ದವಾಗಿದ್ದವು, ಬಾಗಿಲು ಬಂಪರಿಗೆ ಬಡಿಯುತ್ತಿದ್ದದ್ದು ಅದಕ್ಕೇ. ಅವನ್ನೂ ಬದಲಾಯಿಸಿದೆವು. ಒಟ್ಟು ಒಂದೂವರೆ ದಿನದ ಕೆಲಸ. ಒಂಬತ್ತು ವರ್ಷ ನನಗೆ ಸಿಗದೇ ಹೋದದ್ದು ಆ ಒಂದೂವರೆ ದಿನ.

ಮನೆಗೆ ತಂದು ತೋರಿಸಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ನಿಮ್ಮ ಅತ್ತೆ ಬಾಗಿಲು ಮೆಲ್ಲಗೆ ಇಳಿಯುವುದನ್ನು ಕೊನೆತನಕ ನೋಡಿದಳು. ಆಮೇಲೆ ಸೀರೆಯನ್ನು ಒಂದು ಗೇಣು ಎತ್ತಿ ಮೊಣಕಾಲ ಕೆಳಗಿನ ಕಲೆ ತೋರಿಸಿದಳು. ಮೆಟ್ಟಿಲು ಎಡವಿದ್ದು ಎಂದು ನನಗೆ ಹೇಳಿದ್ದಳು. "ಇದು ನಿಮ್ಮ ಡೋರಿಂದು ರೀ. ಹೇಳಿದ್ರೆ ನಗ್ತೀರಾ ಅಂತ ಸುಮ್ಮನಿದ್ದೆ." ಅವತ್ತು ಮನೆಗೆ ಬಂದಿದ್ದ ಮಗಳು ಚಪ್ಪಲಿ ಕಳಚಿ ಸೊಟ್ಟಗೆ ಬೆಳೆದ ಹೆಬ್ಬೆರಳಿನ ಉಗುರು ತೋರಿಸಿದಳು. "ನಂಗೊಬ್ಬಳಿಗೇ ಮಂಡಿ ಕೊಡೋಕೆ ಬರಲ್ಲ ಅಂದ್ಕೊಂಡಿದ್ದೆ ಅಪ್ಪ." ನಿಜ ಹೇಳಬೇಕೆಂದರೆ ನನ್ನ ಬಲ ಮಂಡಿಯೂ ಐದು ವರ್ಷದಿಂದ ನೋಯುತ್ತಿದೆ, ಎಲ್ಲರಿಗೂ ವಯಸ್ಸು ಎಂದು ಹೇಳಿಕೊಂಡು ಬಂದಿದ್ದೇನೆ. ಒಬ್ಬರಿಗೂ ಗೀರು ಬಿದ್ದಿಲ್ಲ ಎಂದು ಡಾಕ್ಟರ ಮುಂದೆ ಹೇಳಿದೆನಲ್ಲ, ಒಂದೇ ಮನೆಯಲ್ಲಿ ಮೂರು ಜನ ಗಾಯ ಮುಚ್ಚಿಟ್ಟುಕೊಂಡಿದ್ದೆವು. ಪ್ರತಿಯೊಬ್ಬರೂ ತಪ್ಪು ತಮ್ಮದೇ ಎಂದುಕೊಂಡಿದ್ದೆವು.

ನಿಮಗೆ ನಾನೇ ಹೇಳುತ್ತೇನೆ ಎಂದು ಮಗಳ ಬಾಯಿ ಕಟ್ಟಿ, ಆ ಸುಳ್ಳನ್ನು ಯಾರ್ಯಾರ ಮುಂದೆ ಹೇಳಿದ್ದೆನೋ ಅವರೆಲ್ಲರ ಹತ್ತಿರ ಹೋಗಿ ಬಂದೆ. ಟೀಚರಮ್ಮನಿಗೆ ಹೇಳಿದೆ. ಸಾಮಾನು ಹೊರುವವನಿಗೆ ಹೇಳಿದೆ, ಅವನು ತನ್ನ ಮೊಣಕೈ ತೋರಿಸಿದ. ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತೆ. ಏನು ತೋರಿಸಬೇಕು ಎಂದು ನರ್ಸಮ್ಮ ಕೇಳಿದರು. ತೋರಿಸೋದಲ್ಲಮ್ಮ, ಹೇಳೋದು ಎಂದೆ. ಡಾಕ್ಟರು ಪೂರ್ತಿ ಕೇಳಿದರು. "ಇದನ್ನ ನನಗೆ ಹೇಳಿ ಏನು ಪ್ರಯೋಜನ? ಅವರಿಗೆ ಹೇಳಿದ್ರಾ?" ಎಂದರು. ಅಲ್ಲಿಂದ ನೇರ ನಿಮ್ಮ ಮನೆಗೇ ಬಂದದ್ದು. ಬಂದು ಎಣ್ಣೆ ಬಿಟ್ಟು ಹೋದೆ.

ನಿನ್ನೆ ಬೆಳಿಗ್ಗೆ ಮಗಳು ಬಂದಿದ್ದಾಗ ಗಾಡಿಯ ಹಿಂದೆ ಕರೆದುಕೊಂಡು ಹೋದೆ. ನಿಮ್ಮ ಬೆರಳುಗಳಿದ್ದ ಜಾಗದಲ್ಲಿ, ಬಂಪರಿನ ಮೇಲೆ, ನನ್ನ ಕೈ ಇಟ್ಟು ಚಿಲಕ ಎಳಿ ಎಂದೆ. "ಕೈ ತೆಗಿ ಅಪ್ಪ, ಹುಚ್ಚಾ ನಿಂಗೆ," ಎಂದಳು. ತೆಗೆಯಲಿಲ್ಲ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಎರಡು ತಿಂಗಳ ಸಿಟ್ಟೆಲ್ಲ ಆ ನೋಟದಲ್ಲಿತ್ತು. ಆಮೇಲೆ ಎಳೆದಳು. ಬಾಗಿಲು ತನ್ನ ಪಾಡಿಗೆ ಬಂತು, ನನ್ನ ಕೈಯಿಂದ ನಾಲ್ಕು ಬೆರಳು ಮೇಲೆ ನಿಂತಿತು. ನನಗೇನೂ ಆಗಲಿಲ್ಲ. ಮಗಳು ಮಾತ್ರ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಸಮಾಧಾನ ಆದ ಮೇಲೆ ಒಂದೇ ಮಾತು ಹೇಳಿದಳು. "ಅವರು ರಾತ್ರಿಯೆಲ್ಲ ಕೈ ಮುಂದೆ ಹಿಡಿದುಕೊಂಡು ನೋಡ್ತಾ ಕೂತಿರ್ತಾರೆ ಅಪ್ಪ. ಯಾರೋ ಬೇರೆಯವರ ಕೈ ಅನ್ನೋ ಹಾಗೆ ನೋಡ್ತಾರೆ."

ನನಗೆ ಕ್ಷಮೆ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು, ಅದಕ್ಕೆ ಅವಸರವಿಲ್ಲ. ಗೋದಾಮಿನ ಕೆಲಸ ನಿಮಗೆ ಇಷ್ಟವಿದ್ದರೆ ಸೋಮವಾರ ಹೋಗಿ, ನಾನೇ ಗಾಡಿಯಲ್ಲಿ ಬಿಟ್ಟು ಬರುತ್ತೇನೆ. ಆದರೆ ಕೈ ನಂಬಲಾಗದು ಎಂದು ಹೋಗಬೇಡಿ. ಆ ಎರಡು ತೂತುಗಳನ್ನು ಕಂಡ ಕಣ್ಣೂ ನಿಮ್ಮದೇ, ಅವುಗಳ ಮೇಲೆ ನಿಂತ ಕೈಯೂ ನಿಮ್ಮದೇ. ಎರಡೂ ನಿಜ ಹೇಳಿದ್ದವು. ನೀವು ಅವನ್ನು ಬಿಟ್ಟು ನನ್ನನ್ನು ನಂಬಿದಿರಿ.

ನಿಮ್ಮ ಹತ್ತು ಬೆರಳೂ ನೂರು ಕಾಲ ಚೆನ್ನಾಗಿರಲಿ.

ಇಂತಿ,
ಅದನ್ನು ಬಿಚ್ಚಿದವನು,
ನಿಮ್ಮ ಮಾವ