ಅಧಿಕಾರಿಯ ಕಾರು ಅಡ್ಡ ನಿಂತಾಗ

ಮಾರ್ಚ್ ೪, ಮಂಗಳವಾರ

ಅನುದಾನ ಸಿಗುತ್ತದೋ ಇಲ್ಲವೋ ಎಂಬ ಯೋಚನೆ ಇವತ್ತಿಗೆ ಮುಗಿಯಿತು. ನಮ್ಮ ಆಂಬುಲೆನ್ಸ್ ಸಂಘ ಸರ್ಕಾರದ ಹಣಕ್ಕೆ ಅರ್ಹವೇ ಎಂದು ನೋಡಲು ಅಧಿಕಾರಿ ಬಂದಿದ್ದರು. ಅರ್ಹ ಅಂದರೆ ಇಂಗ್ಲಿಷಿನಲ್ಲಿ ಎಲಿಜಿಬಲ್! ಕಾಲೇಜಿನಲ್ಲಿ ಆ ಮಾತು ಬ್ಯಾಚುಲರ್‌ಗಳಿಗೆ ಮಾತ್ರ ಎಂದುಕೊಂಡಿದ್ದೆ. ಹಣ ಬರದಿದ್ದರೆ ಗಾಡಿಯನ್ನು ಗುಜರಿಗೆ ಹಾಕಿ ಸಂಘ ಮುಚ್ಚಬೇಕಿತ್ತು.

ಆಕ್ಸಿಜನ್ ಸಿಲಿಂಡರ್ ತೋರಿಸುತ್ತ, ನೆನಪಿದ್ದ ಇಂಗ್ಲಿಷನ್ನೆಲ್ಲ ಸುರಿಯುತ್ತಿದ್ದೆ. ಅಷ್ಟರಲ್ಲಿ ಫೋನ್ ಬಂತು, ಪೇಟೆಯಲ್ಲಿ ಒಬ್ಬರಿಗೆ ಎದೆನೋವು. ಗಾಡಿ ಓಡಿಸುವ ನನ್ನ ನಾದಿನಿ ಹತ್ತಿ ಕೂತಳು. ನೋಡಿದರೆ ಗೇಟಿಗೆ ಅಡ್ಡವಾಗಿ ಅಧಿಕಾರಿಯ ಕಾರು!

"ಯಾರ್ರೀ ಅದು, ದಾರಿಗಡ್ಡ ನಿಲ್ಸಿರೋದು? ಬುದ್ಧಿ ಬೇಡ್ವಾ?"

"ಅಯ್ಯೋ, ಸಾಹೇಬ್ರದ್ದು ಕಣೇ," ಎಂದೆ.

"ಯಾರದ್ದಾದ್ರೂ ಆಗ್ಲಿ ಭಾವ, ತೆಗೀಲಿ ಮೊದ್ಲು!"

ಸಾಹೇಬರು ಜೇಬು ತಡಕುತ್ತ ಓಡಿದರು. ಅನುದಾನ ಹೋಯಿತು ಎಂದುಕೊಂಡೆ, ಆದರೂ ಒಳಗೊಳಗೇ ನಗು ಬಂತು. ಇವಳಕ್ಕ, ತೀರಿಹೋದ ನನ್ನವಳು, ಥೇಟ್ ಹೀಗೇ ಗದರುತ್ತಿದ್ದಳು. ಆ ದನಿ ಕೇಳಿ ಎಷ್ಟು ಕಾಲವಾಗಿತ್ತು! ಇನ್ನೊಂದು ಸಲ ಬೈಯಲಿ ಎನ್ನಿಸಿತು.

ನಾದಿನಿ ಮರಳಿದಾಗಲೂ ಸಾಹೇಬರು ಕೂತೇ ಇದ್ದರು.

"ಪೇಷೆಂಟು ಉಳ್ಕೊಂಡ್ರಾ?" ಎಂದು ಕೇಳಿದರು.

"ಉಳ್ಕೊಂಡ್ರು ಸಾರ್," ಎಂದಳು, ತುಸು ನಾಚಿಕೊಂಡು.

ಅಲ್ಲೇ ವರದಿಗೆ ಸಹಿ ಹಾಕಿದರು. ಅರ್ಹ! ಷರತ್ತು ಒಂದೇ: ಗೇಟಿನ ಮುಂದೆ ಅಧಿಕಾರಿಗಳೂ ಸೇರಿದಂತೆ ಯಾರೂ ವಾಹನ ನಿಲ್ಲಿಸಕೂಡದೆಂದು ಬೋರ್ಡು ಹಾಕಬೇಕು.

ಬೋರ್ಡಿನ ಒಕ್ಕಣೆ ನನ್ನ ಪಾಲಿಗೆ ಬಂದಿದೆ. "ಯುವರ್ ಕೈಂಡ್ ಅಟೆನ್ಷನ್" ಎಂದು ಶುರು ಮಾಡಿದ್ದೆ. "ಭಾವ, ನಿಮ್ಮ ಇಂಗ್ಲಿಷ್ ಓದಿ ಮುಗ್ಸೋಷ್ಟ್ರಲ್ಲಿ ರೋಗಿ ನಡ್ಕೊಂಡೇ ಆಸ್ಪತ್ರೆ ಸೇರ್ತಾನೆ," ಎಂದಳು. ಸರಿ, ಕನ್ನಡದಲ್ಲೇ ಬರೆಯುತ್ತೇನೆ. ಆದರೆ "ದಯವಿಟ್ಟು" ಇರಬೇಕೋ ಬೇಡವೋ, ನನ್ನವಳಾಗಿದ್ದರೆ ಖಂಡಿತ ಹೊಡೆದುಹಾಕುತ್ತಿದ್ದಳು, ನಾನಾದರೋ... ಕಣ್ಣು ಎಳೆಯುತ್ತಿದೆ.